ಬಳೆ ಒಡೆಯದವರು

ಕೊಟ್ಟೂರು
12-11-1975

ಅವರ ಪಾದಗಳಿಗೆ ನಮಸ್ಕಾರ.

ಮೊನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಮದ್ರಾಸಿನಿಂದ ಯರ್ರಿಸ್ವಾಮಿಯ ಲಾರಿ ಬಂದಿದೆ, ಹಿತ್ತಲಲ್ಲಿ ಉಪ್ಪಿನ ಚೀಲ ಇಳಿಸಿದ್ದಾನೆ. ಹೊಲಿಗೆ ಬಿಚ್ಚಿ ಕೈ ಹಾಕಿದರೆ ನಿಮ್ಮ ಪತ್ರಿಕೆ ಸಿಗುವುದಿಲ್ಲ, ಚಪ್ಪಲಿ ಸಿಗುತ್ತದೆ. ಒಂದೇ ಚಪ್ಪಲಿ. ನಿಮ್ಮದೇ ಹೌದು, ಅಂಗುಟದ ಹತ್ತಿರ ತಂತಿ ಸುತ್ತಿದ್ದು. ಎಡಗಾಲಿನದೋ ಬಲಗಾಲಿನದೋ ಎಂದು ತಿರುಗಿಸಿ ನೋಡುವಷ್ಟರಲ್ಲಿ ಎಚ್ಚರವಾಯಿತು. ಪಕ್ಕದ ಮನೆಯ ದ್ಯಾಮಕ್ಕನಿಗೆ ಹೇಳಿದೆ. "ಚಪ್ಲಿ ಕಂಡ್ರ ಪ್ರಯಾಣ ಅಂತಾರವ್ವ, ಬರ್ತಾನೇಳು" ಎಂದಳು. ಎರಡೂ ಕಂಡರೆ ಪ್ರಯಾಣ ಸರಿ, ಒಂದೇ ಕಂಡರೆ ಏನು ಎಂದು ಕೇಳಿದೆ. ಅವಳು ಸೊಪ್ಪು ಸೋಸುತ್ತಾ ಕೂತುಬಿಟ್ಟಳು. ನಿಮ್ಮ ಎರಡೂ ಚಪ್ಪಲಿ ಇವೆ ತಾನೆ? ಮರೆಯದೆ ಬರೆಯಿರಿ.

ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ ಎಂದು ತಿಳಿಯಿರಿ. ಮನೆಯ ಮುಂಭಾಗದ ನಮ್ಮ ಪ್ರೆಸ್ಸಿನ ಬಾಗಿಲಿಗೆ ಪೊಲೀಸಿನವರು ಹಾಕಿದ ಅರಗಿನ ಸೀಲು ಹಾಗೇ ಇದೆ. ನಾನು ಹಿಂಬಾಗಿಲಿನಿಂದಲೇ ಓಡಾಡುತ್ತೇನೆ. ಒಳಗೆ ಇಲಿ ಓಡಾಡಿದರೂ ನೀವು ಮಷೀನಿಗೆ ಎಣ್ಣೆ ಬಿಡುತ್ತಿದ್ದೀರಿ ಅನಿಸುತ್ತದೆ.

ಪೊಲೀಸಿನವರು ಮತ್ತೆ ಬಂದಿದ್ದರು. "ಏನಮ್ಮ, ನಿನ್ನ ಗಂಡನ ಹೆಸರು?" ಎಂದರು. "ಹೇಳಂಗಿಲ್ಲರಿ" ಎಂದೆ. "ಯಾಕ?" "ಗಂಡನ ಹೆಸರು ಹೆಂಗ ಹೇಳಾಕ ಬರತೈತ್ರಿ?" ಅವರಲ್ಲಿ ವಯಸ್ಸಾದವನೊಬ್ಬ ನಕ್ಕು, "ಹೋಗ್ಲಿ ಬಿಡ್ರಿ, ನಮ್ಮನಿಯಾಕಿನೂ ಹೇಳಂಗಿಲ್ಲ" ಎಂದ. ಅವರು ಹೋದ ಮೇಲೆ ಕಟ್ಟೆಯ ಮೇಲೆ ಕೂತೆ.

ಇನ್ನೊಂದು ಮಾತು. ದೊಡ್ಡ ಪತ್ರಿಕೆಗೆ ಬರೆಯುತ್ತಾನಲ್ಲ ಗುರುಸಂಗಪ್ಪ, ಅವನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ನಿಮ್ಮ ಹೆಸರು ಹಿಡಿದು, "ಅವ ಸತ್ಯ ಬರಿಯಾಕ ಹೋಗ್ಯಾನಂತ ತಿಳ್ಕಂಡೀರೇನು? ಮದ್ರಾಸಿನ್ಯಾಗ ಒಬ್ಬಾಕಿನ್ನ ಕಟ್ಟಿಕ್ಯಂಡು ಆರಾಮ ಅದಾನ" ಎಂದನಂತೆ. ನಾನು ನಂಬಿಲ್ಲ. ನಂಬದಿದ್ದರೂ ಮಾತು ಕಿವಿಯಲ್ಲೇ ಉಳಿಯುತ್ತದೆ, ಏನು ಮಾಡಲಿ.

ಹೋದ ಸಲದ ನಿಮ್ಮ 'ಹಗರಿ ಸುದ್ದಿ' ಉಪ್ಪಿನ ಚೀಲದಲ್ಲಿ ಬಂತು. ಉಪ್ಪಿನ ಒದ್ದೆಗೆ ಅಂಚು ಮೆತ್ತಗಾಗಿತ್ತು. ಬಿಸಿಲಿಗೆ ಒಣಗಿಸಿ ಹಂಚಿದ್ದೇವೆ. ಓದಿದವರು ಒಲೆಗೆ ಹಾಕುತ್ತಾರೆ. ಆದರೆ ನಮ್ಮ ಪಕ್ಕದ ಅರಸೀಕೆರೆ ಸಂತೆಯ ದಿನ ತಪ್ಪು ಹಾಕಿದ್ದೀರಿ. ಸಂತೆಯಲ್ಲಿ ಪೊಲೀಸರು ಜನರನ್ನು ಹೊಡೆದದ್ದು ನಿಜ, ದಿನ ಮಾತ್ರ ತಪ್ಪು. ಜನ ಏನೆಂದರು ಗೊತ್ತೆ? "ಸಂತಿ ದಿನಾನೇ ಗೊತ್ತಿಲ್ಲದಾವ ಇನ್ನೇನು ನೋಡಿ ಬರದಾನ?" ಎಂದರು. ಇನ್ನು ಮೇಲೆ ಎರಡೆರಡು ಸಲ ನೋಡಿ ಹಾಕಿರಿ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ. ಓದು ಕೈಗೆ ಹತ್ತಿದ್ದೇ ನಿಮ್ಮ ಅಚ್ಚುಮೊಳೆಯಲ್ಲಿ. ಅಲ್ಲಿ ಅಕ್ಷರವೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ. ಈಗಲೂ ಯಾರಾದರೂ ಎಡ ಬಲ ಎಂದರೆ ಒಂದು ಗಳಿಗೆ ತಡವರಿಸುತ್ತೇನೆ. ತಪ್ಪು ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದದ ಜತೆಯ ಗಂಟಿನಲ್ಲಿ ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಪುಡಿ ಇದೆ. ನಮ್ಮೊಂದೇ ಮನೆಯದಲ್ಲ. ಓಣಿಯ ಹೆಂಗಸರು ಹಿಂಬಾಗಿಲಿಗೆ ಬಂದು ಸೆರಗಿನಿಂದ ತೆಗೆದು ಕೊಡುತ್ತಾರೆ, ಹೆಸರು ಹೇಳಬೇಡ ಎನ್ನುತ್ತಾರೆ. ನಿಮ್ಮ ಜತೆ ಇರುವ ಬೇರೆ ಊರಿನವರಿಗೂ ಕೊಡಿ.

ಹಂಪಮ್ಮ

*

ಮದ್ರಾಸು
2-12-1975

ಹಂಪೀ,

ಎರಡೂ ಚಪ್ಪಲಿ ಇವೆ. ತಂತಿ ಸುತ್ತಿದ್ದು ಬಲಗಾಲಿನದು. ನೋಡಿಯೇ ಬರೆಯುತ್ತಿದ್ದೇನೆ.

ಕಾಗದದ ಗೋದಾಮಿನ ಅಟ್ಟದ ಮೇಲೆ ಮಲಗುತ್ತೇನೆ. ಕೆಳಗೆ ಇಡೀ ದಿನ ತಮಿಳು. ಬೇರೆ ಊರಿನಿಂದ ಓಡಿ ಬಂದ ಗೆಳೆಯರಿದ್ದಾರೆ, ಅವರಿಗೆ ತೆಲುಗು, ಮರಾಠಿ. ಕನ್ನಡ ಕಿವಿಗೆ ಬೀಳದೆ ವಾರವೇ ಕಳೆಯುತ್ತದೆ. ನಿನ್ನ ಕಾಗದ ಬಂದಾಗ ಜೋರಾಗಿ ಓದಿಕೊಂಡೆ. ದ್ಯಾಮಕ್ಕನ ಮಾತು ಬಂದಾಗ ದ್ಯಾಮಕ್ಕನ ಹಾಗೇ ಓದಿದೆ. ಮರಾಠಿಯವರು ಹೆದರಿ ಎದ್ದು ಕೂತರು.

ಸಂತೆಯ ದಿನ ನನಗೆ ಮರೆತುಹೋಗಿತ್ತು ಹಂಪೀ. ಊರು ಬಿಟ್ಟು ಇನ್ನೂ ವರ್ಷವಾಗಿಲ್ಲ, ಆಗಲೇ ಮರೆತೆ. ರೇಡಿಯೋ ಒಂದೇ ಮಾತು ಹೇಳುತ್ತದೆ, ಪತ್ರಿಕೆಗಳು ಅದನ್ನೇ ಅಚ್ಚು ಹಾಕುತ್ತವೆ. ಅದಲ್ಲ ನಡೆದದ್ದು ಎಂದು ಹೇಳಲು ನಾನಿಲ್ಲಿ ಕೂತಿದ್ದೇನೆ, ನನಗೇ ಏನೂ ಕಾಣುವುದಿಲ್ಲ. ಇನ್ನು ಮೇಲೆ ನೀನು ನೋಡು. ಕಣ್ಣಾರೆ ನೋಡು. ಆಮೇಲೆ ಇಬ್ಬರನ್ನು ಬೇರೆ ಬೇರೆಯಾಗಿ ಕೇಳು. ಸಂಶಯ ಉಳಿದರೆ ಸಂಶಯ ಎಂದೇ ಬರೆ. ನಿನ್ನ ಚಿಂತೆಯನ್ನು ಇಷ್ಟು ವರ್ಷ ಗೇಲಿ ಮಾಡಿದೆ. ಈಗ ಪತ್ರಿಕೆ ನಿಂತಿರುವುದೇ ಅದರ ಮೇಲೆ.

ಇಲ್ಲಿ ಅಚ್ಚುಮೊಳೆಯಿಲ್ಲ, ಮಷೀನಿಲ್ಲ. ಸ್ಟೆನ್ಸಿಲ್ ಹಾಳೆಯ ಮೇಲೆ ಕೈಯಿಂದಲೇ ಕೊರೆಯುತ್ತೇನೆ. ಒಂದು ಪುಟ ಮುಗಿಯುವಷ್ಟರಲ್ಲಿ ಉಗುರಿಲ್ಲದ ಹೆಬ್ಬೆರಳು ಜುಮ್ಮೆನ್ನುತ್ತದೆ.

ಗುರುಸಂಗಪ್ಪ ಹೇಳಿದ 'ಒಬ್ಬಾಕಿ' ಸಿಕ್ಕರೆ ತಿಳಿಸುತ್ತೇನೆ. ರೊಟ್ಟಿ ಸಮುದ್ರದ ಗಾಳಿಗೆ ಮೆತ್ತಗಾಗಿದೆ, ಹಾಗೇ ತಿಂದೆವು. ಓದಿ ಒಲೆಗೆ ಹಾಕು.

ಉಪ್ಪಿನವನು

*

ಕೊಟ್ಟೂರು
24-6-1976

ಅವರ ಪಾದಗಳಿಗೆ ನಮಸ್ಕಾರ.

ಇದನ್ನು ಬರೆಯಲೋ ಬೇಡವೋ ಎಂದು ಕಾಗದವನ್ನು ಎಷ್ಟೋ ಸಲ ಮಡಚಿ ಇಟ್ಟೆ. ಬರೆದರೆ ನಿಮಗೆ ಅಪಾಯ, ಬರೆಯದಿದ್ದರೆ ಆ ಹೆಂಗಸಿನ ಮುಖ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ದ್ಯಾಮಕ್ಕ ಬಳೆಯ ಮಲಾರ ಹೊತ್ತು ಕೂಡ್ಲಿಗಿ ಕಡೆಯ ಹಳ್ಳಿಗಳಿಗೆ ಹೋಗುತ್ತಾಳಲ್ಲ, ಅಲ್ಲಿಂದ ಬಂದವಳು ಹೇಳಿದಳು: "ಕಾರೇಹಟ್ಟ್ಯಾಗ ಓಬಣ್ಣ ಅಂಬಾವ ಆಪರೇಷನ್ ಕ್ಯಾಂಪಿಗೆ ಹೋಗಿ ಬಂದು ಸತ್ತಾನಂತ. ಕೇಳಿದ್ರ ಊರಿನಾರೆಲ್ಲ ಬಾಯಿ ಹೊಲಕ್ಕಂಡಾರ." ನಾನು ನೋಡಲೇಬೇಕು ಎಂದೆ. ಅವಳ ಮಲಾರದಲ್ಲಿ ಅರ್ಧ ನಾನು ಹೊತ್ತು, ಬಳೆ ಮಾರುವವಳಾಗಿ ಹೋದೆ. ಬಳೆಗಾರ್ತಿಯನ್ನು ಯಾವ ಮನೆಯವರೂ ಯಾಕೆ ಬಂದೆ ಎಂದು ಕೇಳುವುದಿಲ್ಲ. ಅಡುಗೆಮನೆ ತನಕ ಕರೆದು ಕೂಡಿಸುತ್ತಾರೆ, ಕೈ ಕೊಟ್ಟು ಕೂತಾಗ ಎಲ್ಲ ಹೇಳುತ್ತಾರೆ.

ಓಬಣ್ಣನ ಹೆಂಡತಿಯ ಹೆಸರು ಗಾದೆಮ್ಮ. ಅವಳು ಹೇಳಿದ್ದು ಇಷ್ಟು. ಓಬಣ್ಣ ಕುರಿ ಮೇಯಿಸುತ್ತಿದ್ದ. ಜೀಪು ಬಂತು. ರೇಷನ್ ಕಾರ್ಡು ಬರೆಸಿಕೊಡುತ್ತೇವೆ ಬಾ ಎಂದು ಹತ್ತಿಸಿಕೊಂಡು ಹೋದರು. ಕ್ಯಾಂಪಿನ ಡೇರೆಯಲ್ಲಿ ಮಕ್ಕಳಾಗದ ಹಾಗೆ ಕೊಯ್ದು, ಎತ್ತಿನ ಗಾಡಿಯಲ್ಲಿ ತಂದು ಇಳಿಸಿದರು. ಗಾಯ ಕೀವಾಯಿತು, ಜ್ವರ ಬಂತು, ಸತ್ತ. ಮದುವೆಗೆ ಬಂದ ಮಗಳಿದ್ದಾಳೆ, ಅಂಥವನಿಗೆ! ಮಾರನೇ ದಿನ ಅದೇ ಜೀಪಿನವರು ಬಂದು, "ಕಾಫಿ ತ್ವಾಟಕ್ಕ ದುಡಿಯಾಕ ಹೋಗ್ಯಾನ ಅನ್ರಿ, ಬರ್ತಾನ ಅನ್ರಿ. ಬ್ಯಾರೆ ಮಾತು ಆಡಿದಾರು ಜೀಪ್ ಹತ್ತಬೇಕಾಗತೈತಿ" ಎಂದು ಊರಿಗೆಲ್ಲ ಹೇಳಿ ಹೋದರಂತೆ.

ನೀವು ಹೇಳಿದಂತೆಯೇ ಮಾಡಿದೆ. ಓಬಣ್ಣನನ್ನು ಹೂಳಲು ಗುಣಿ ತೋಡಿದ ಹನುಮಣ್ಣನನ್ನು ಹೊಲದಲ್ಲಿ ಕೇಳಿದೆ. ಬಾವಿಯ ಹತ್ತಿರ ಒಬ್ಬ ಮುದುಕಿಯನ್ನು ಕೇಳಿದೆ. ಇಬ್ಬರ ಮಾತೂ ಒಂದೇ. ಜ್ವರ ಎಷ್ಟು ದಿನ ಇತ್ತು ಎಂಬುದರಲ್ಲಿ ಮಾತ್ರ ವ್ಯತ್ಯಾಸ, ಅದನ್ನು 'ನಾಲ್ಕೈದು ದಿನ' ಎಂದು ಹಾಕಿರಿ. ಗುಣಿಯನ್ನೂ ನೋಡಿದೆ. ನಾಯಿ ಕೆದರದಂತೆ ಮುಳ್ಳುಕಂಟಿ ಹಾಕಿ ಕಲ್ಲು ಹೇರಿದ್ದಾರೆ. ಕಂಟಿಯ ಎಲೆ ಇನ್ನೂ ಪೂರ್ತಿ ಒಣಗಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ಕರಿಕೊಡೆಯ ಒಬ್ಬ ನನ್ನನ್ನೇ ನೋಡುತ್ತಿದ್ದ ಅನಿಸಿತು. ದ್ಯಾಮಕ್ಕ, "ನಿನ್ನನ್ನಲ್ಲವ್ವ, ನನ್ನ ಬಳಿ ನೋಡಾಕತ್ಯಾನ, ಹೆಂಡ್ತಿಗೆ ಬೇಕಾಗಿರಬೇಕು" ಎಂದಳು. ಇಳಿಯುವ ತನಕ ಅವನು ಬಳೆ ಕೇಳಲಿಲ್ಲ.

ಹನುಮಣ್ಣನ ಹೆಸರು ಹಾಕಬೇಡಿ. ಊರಿನ ಹೆಸರು ಸರಿಯಾಗಿ ಹಾಕಿರಿ. ಅಲ್ಲಿಯ ರಾಜ್ಯ ಸರ್ಕಾರ ಬಿದ್ದ ಮೇಲೆ ಮದ್ರಾಸಿನಲ್ಲೂ ಹುಡುಕುತ್ತಿದ್ದಾರೆ ಎಂದು ಯರ್ರಿಸ್ವಾಮಿ ಹೇಳಿದ. ಕಿಟಕಿಯ ಹತ್ತಿರ ಕೂತು ಬರೆಯಬೇಡಿ.

ಹಂಪಮ್ಮ

*

ಮದ್ರಾಸು
20-8-1976

ಹಂಪಮ್ಮನಿಗೆ,

ಓಬಣ್ಣನ ಸುದ್ದಿ ಹಾಕಿದೆ. ಅದಕ್ಕೆ ನಮ್ಮ ಜಿಲ್ಲೆಯ ದೊಡ್ಡ ಪತ್ರಿಕೆ ಉತ್ತರ ಕೊಟ್ಟಿದೆ. ನೀನು ನೋಡಿರಬಹುದು. ಗಾದೆಮ್ಮ ಮನೆಯ ಮುಂದೆ ನಿಂತ ಫೋಟೊ. ಎರಡೂ ಕೈತುಂಬ ಬಳೆ. ಕೆಳಗೆ ಗುರುಸಂಗಪ್ಪ ಬರೆದಿದ್ದಾನೆ: 'ಈಕೆ ವಿಧವೆಯೇ? ಊರು ಬಿಟ್ಟು ಕೂತವರ ಸುಳ್ಳಿಗೆ ಈ ಬಳೆಗಳೇ ಸಾಕ್ಷಿ.'

ನನಗೆ ಕಾಗದ, ಶಾಯಿ ಕೊಡುವ ಗೆಳೆಯರು ಆ ಫೋಟೊವನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ನೋಡಿದರು. ಸುಳ್ಳು ಎಂದು ಯಾರೂ ಅನ್ನಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಈ ವಾರ ಕಾಗದ ಬಂದಿಲ್ಲ.

ಸಂತೆಯ ದಿನ ತಪ್ಪಾದದ್ದು ಬೇರೆ. ಇದು ಸತ್ತವನ ಸುದ್ದಿ. ಇದು ತಪ್ಪಾದರೆ ಇಷ್ಟು ದಿನ ಬರೆದದ್ದೆಲ್ಲ ತಪ್ಪು. ನೀನು ಗುಣಿ ನೋಡಿದ್ದು ನಿಜವೇ? ನಿನ್ನ ಕಣ್ಣಿನಿಂದಲೇ ನೋಡಿದೆಯೋ, ದ್ಯಾಮಕ್ಕ ಹೇಳಿದ್ದನ್ನು ಬರೆದೆಯೋ?

ನಿಜವಿದ್ದರೆ ಒಂದು ಕೆಲಸ ಮಾಡು. ಅವಳ ಬಳೆ ತೆಗೆಸು. ಪದ್ಧತಿಯಂತೆ ಆಗಬೇಕಾದದ್ದೇ ತಾನೆ. ಬರಿಗೈಯ ಒಂದು ಫೋಟೊ ಬಂದರೆ ಸಾಕು, ಅವರ ಸುಳ್ಳು ಬಿದ್ದು ಹೋಗುತ್ತದೆ.

ಉಪ್ಪಿನವನು

*

ಕೊಟ್ಟೂರು
9-9-1976

ನಮಸ್ಕಾರ.

ನಿಜವೇ ಎಂದು ಕೇಳಿದ್ದೀರಿ. ಕೇಳಬೇಕಾದದ್ದೇ, ಎರಡೆರಡು ಸಲ ನೋಡಿರಿ ಎಂದು ಹೇಳುತ್ತಾ ಬಂದವಳು ನಾನೇ. ಆದರೂ ಆ ಸಾಲು ಓದಿದ ಮೇಲೆ ರೊಟ್ಟಿ ಬಡಿಯಲು ಕೂತರೆ ಕೈ ಹಿಟ್ಟಿನಲ್ಲೇ ಉಳಿಯಿತು. ಗುಣಿಯನ್ನು ನನ್ನ ಕಣ್ಣಿನಿಂದಲೇ ನೋಡಿದೆ. ಆವತ್ತು ಒಂದು ಮುಳ್ಳು ಕಾಲಿಗೆ ಚುಚ್ಚಿ ಕೀವಾಗಿತ್ತು. ನಿಮಗೆ ಬರೆದಿರಲಿಲ್ಲ, ಚಿಂತೆ ಮಾಡುತ್ತೀರಿ ಎಂದು.

ಮತ್ತೆ ಹೋದೆವು. ಗಾದೆಮ್ಮ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಕೈ ಆಡಿದ ಹಾಗೆಲ್ಲ ಬಳೆ ಸದ್ದು ಮಾಡುತ್ತಿದ್ದವು. ನನಗೂ ಒಂದು ಗಳಿಗೆ ಸಂಶಯ ಬಂತು. ಓಬಣ್ಣ ಒಳಗಿನಿಂದ ಕೆಮ್ಮುತ್ತಾ ಬಂದುಬಿಟ್ಟರೆ ನಮ್ಮವರ ಗತಿ ಏನು ಎಂದುಕೊಂಡೆ. ಇಂಥ ಯೋಚನೆ ಬಂದದ್ದಕ್ಕೆ ನನಗೇ ನಾಚಿಕೆಯಾಯಿತು. ಓಬಣ್ಣ ಬಂದರೆ ಒಳ್ಳೆಯದೇ ಅಲ್ಲವೇ?

"ಫೋಟೊದಾವ ಬಂದಾಗ ಏನಂದಿ ಗಾದೆಮ್ಮ?" ಎಂದು ದ್ಯಾಮಕ್ಕನೇ ಕೇಳಿದಳು.

"ಏನಂತೀನಿ? ನಿನ್ನ ಗಂಡ ಎಲ್ಲಿ ಅದಾನ ಅಂದ. ನಿಮ್ಮ ಸಾಹೇಬ್ರನ್ನ ಕೇಳು, ಕಾಫಿ ತ್ವಾಟದಾಗ ಅದಾನಂತ ಅಂದೆ. ನಕ್ಕಂತ ಬರಕಂಡ."

"ಮತ್ತ ಈ ಬಳಿ?"

ಗಾದೆಮ್ಮ ಹುಣಸೆಹಣ್ಣು ಕೆಳಗಿಟ್ಟಳು. "ಹನ್ನೊಂದನೇ ದಿನ ನಮ್ಮಾರು ಬಳಿ ತೆಗಸಾಕ ಕುಂದ್ರಿಸಿದ್ರು. ನಾ ಎದ್ದೆ. ಸರ್ಕಾರ ಸತ್ತಿಲ್ಲ ಅಂತೈತಿ. ಬರ್ತಾನ ಅಂತೈತಿ. ಹಂಗಾರ ನಾ ಯಾಕ ಬಳಿ ಒಡೀಲಿ? ಕೊಯ್ದಾರು ಬರ್ಲಿ. ಬಂದು ನನ್ನ ಮುಂದ ಕುಂತು, ಹೌದವ್ವ, ನಮ್ಮ ಕೈಯಾಗ ಸತ್ತ ಅನ್ಲಿ. ಅವತ್ತು ಒಡೀತೀನಿ. ಅವ್ರ ಮುಂದನ ಒಡೀತೀನಿ."

"ಅವ್ರು ಬರೋತನಕ ಬಳಿ ಸವದು ಹೋದ್ರ?"

"ಹೊಸವು ಇಡು. ಅದಕ್ಕ ತಾನೆ ನೀ ಊರೂರು ತಿರಗೋದು?"

ದ್ಯಾಮಕ್ಕ ನಕ್ಕಳು. ಗಾದೆಮ್ಮನೂ ನಕ್ಕಳು, ಆಮೇಲೆ ಸೆರಗು ಬಾಯಿಗೆ ಹಿಡಿದಳು.

ನೀವು ಹೇಳಿದ್ದನ್ನು ನಾನು ಹೇಳಲೇಬೇಕಲ್ಲ, ಹೇಳಿದೆ. ನಮ್ಮವರು ಬರಿಗೈ ಫೋಟೊ ಕೇಳಿದ್ದಾರೆ, ಇಲ್ಲದಿದ್ದರೆ ಜನ ನಂಬುವುದಿಲ್ಲವಂತೆ ಎಂದೆ. ಅವಳು ಸಿಟ್ಟಾಗಲಿಲ್ಲ. ನನ್ನ ಮುಂಗೈ ಹಿಡಿದು ಬಳೆಗಳನ್ನು ಒಂದೊಂದಾಗಿ ಹಿಂದೆ ಸರಿಸಿದಳು. "ನಿನ್ನ ಗಂಡನೂ ಊರಾಗಿಲ್ಲ. ನಾಳಿ ಯಾರಾರ ಬಂದು ಸತ್ತ ಅಂದ್ರ ನೀ ಒಡೀತೀಯೇನವ್ವ?" ಎಂದಳು.

ಬರಿಗೈ ಫೋಟೊ ಬರುವುದಿಲ್ಲ. ನಾನು ಇನ್ನೊಮ್ಮೆ ಕೇಳುವುದೂ ಇಲ್ಲ. ನಿಮ್ಮ ಮಾತಿಗೆ ಎದುರಾಡಿದ್ದು ಇದೇ ಮೊದಲು. ಅವಳ ಮಾತನ್ನು ಅವಳು ಆಡಿದಂತೆಯೇ ಮೇಲೆ ಬರೆದಿದ್ದೇನೆ. ಅಷ್ಟನ್ನೇ ಹಾಕಿರಿ, ತಿದ್ದಬೇಡಿ. ನಂಬುವವರು ನಂಬಲಿ. ಹಾಕಬಹುದೇ ಎಂದು ಅವಳನ್ನು ಕೇಳಿದ್ದೇನೆ. "ಹಾಕ್ಲಿ, ನನ್ನ ಹೆಸರೂ ಹಾಕ್ಲಿ" ಎಂದಳು.

ಹನುಮಣ್ಣನೂ ಈಗ ತನ್ನ ಹೆಸರು ಹಾಕಿರಿ ಎನ್ನುತ್ತಾನೆ. ಗುಣಿ ತೋಡಿದವನು ನಾನೇ, ನನ್ನನ್ನೂ ಕಾಫಿ ತೋಟಕ್ಕೆ ಕಳಿಸುತ್ತಾರೇನು ಎನ್ನುತ್ತಾನೆ. ಹಾಕಬೇಕೋ ಬೇಡವೋ, ನನಗೆ ಭಯ. ನೀವೇ ಯೋಚಿಸಿ.

ಹಂಪಮ್ಮ

*

ಎಲ್ಲಿಂದ ಎಂದು ಬರೆಯುವುದಿಲ್ಲ
18-10-1976

ಹಂಪೀ,

ಮೊದಲು, ನನ್ನದು ತಪ್ಪು. ಬರಿಗೈ ಕೇಳಬಾರದಿತ್ತು. ಅಟ್ಟದ ಮೇಲೆ ಕೂತು ಕೂತು ಎಲ್ಲವೂ ಪತ್ರಿಕೆಗೆ ಬೇಕಾದ ಸಾಮಾನಿನಂತೆ ಕಾಣತೊಡಗಿತ್ತು.

ಗಾದೆಮ್ಮನ ಮಾತನ್ನು ಹಾಕಿದೆ. ಮೊದಲ ಪುಟ ಪೂರ್ತಿ, ಬೇರೇನೂ ಇಲ್ಲ. ಅವಳು 'ಬಳಿ' ಎಂದದ್ದನ್ನು 'ಬಳೆ' ಎಂದೂ ತಿದ್ದಲಿಲ್ಲ. ಹನುಮಣ್ಣನ ಹೆಸರು ಹಾಕಲಿಲ್ಲ, ಅವನ ಧೈರ್ಯ ಅವನಲ್ಲೇ ಇರಲಿ. ಗೆಳೆಯರಿಗೆ ಅರ್ಥ ಹೇಳಿದೆ. ತೆಲುಗಿನವನು ತನಗೂ ತೆಲುಗಿನಲ್ಲಿ ಬರೆದುಕೊಡು ಎಂದ. ಕಾಗದದವನು ಎದ್ದು ಹೋದ. ಸಂಜೆಗೆ ಎರಡು ಕಟ್ಟು ಕಾಗದ ಅಟ್ಟದ ಮೇಲಿತ್ತು.

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಗೋಡೆಗೆ ಯಾರೋ ಆ ಪುಟ ಅಂಟಿಸಿದ್ದರಂತೆ, ಹಡಗಲಿಯಲ್ಲಿ ಕೈಯಿಂದ ನಕಲು ಮಾಡಿ ಹಂಚಿದರಂತೆ. ಯರ್ರಿಸ್ವಾಮಿ ಹೇಳಿದ. ನಾನು ನೋಡಿಲ್ಲ. ನೋಡಿದವರನ್ನು ಕೇಳಿ ಬರೆ.

ಗೋದಾಮಿಗೆ ಪೊಲೀಸರು ಬಂದು ಹೋಗಿದ್ದಾರೆ. ಅಟ್ಟ ಬಿಡುತ್ತಿದ್ದೇನೆ. ಎಲ್ಲಿಗೆ ಎಂದು ನನಗೂ ಗೊತ್ತಿಲ್ಲ. ಸ್ವಲ್ಪ ದಿನ ಕಾಗದ ಬರಲಿಕ್ಕಿಲ್ಲ. ನನ್ನ ಬಗ್ಗೆ ಏನಾದರೂ ಬಂದರೆ, ಉಳಿದ ಸುದ್ದಿಯನ್ನು ಹೇಗೆ ನೋಡುತ್ತೀಯೋ ಹಾಗೇ ನೋಡು. ನಾನು ನಿನ್ನ ಗಂಡ ಎಂದು ಬೇಗ ನಂಬಬೇಡ, ಬೇಗ ಬಿಡಲೂ ಬೇಡ.

ಹಿತ್ತಲ ನುಗ್ಗೆ ಹೂ ಬಿಟ್ಟಿದೆಯೇ?

ಉಪ್ಪಿನವನು

*

ಕೊಟ್ಟೂರು
2-12-1976

ಅವರ ಪಾದಗಳಿಗೆ ನಮಸ್ಕಾರ.

ಹಿಂದಿನ ಕಾಗದ ಮುಟ್ಟಿತೋ ಇಲ್ಲವೋ. ನುಗ್ಗೆ ಹೂ ಬಿಟ್ಟಿದೆ ಎಂದು ಬರೆದಿದ್ದೆ. ಹರಪನಹಳ್ಳಿ ಗೋಡೆಯ ಮಾತು ನಿಜ, ಅಂಟಿಸಿದ್ದನ್ನು ಓದಿದವಳನ್ನೇ ದ್ಯಾಮಕ್ಕ ಕೇಳಿ ಬಂದಿದ್ದಾಳೆ ಎಂದೂ ಬರೆದಿದ್ದೆ. ಅವೇ ಹೂ ಈಗ ಕಾಯಾಗಿವೆ.

ಯರ್ರಿಸ್ವಾಮಿ ರೊಟ್ಟಿಯ ಗಂಟನ್ನು ಹಾಗೇ ವಾಪಸ್ ತಂದ. ಗೋದಾಮಿಗೆ ಬೀಗ ಬಿದ್ದಿದೆಯಂತೆ. "ಅಕ್ಕಾ, ಚಹಾದ ಅಂಗಡ್ಯಾವನ್ನ ಕೇಳಿದೆ, ಬೀಡಿ ಅಂಗಡ್ಯಾವನ್ನ ಕೇಳಿದೆ. ಕನ್ನಡದಾವ ಒಬ್ಬ ಇದ್ದ, ಈಗಿಲ್ಲ ಅಂತಾರ" ಎಂದ. ಗಂಟು ಬಿಚ್ಚಿ ನೋಡಿದೆ. ರೊಟ್ಟಿ ಅಷ್ಟು ದೂರ ಹೋಗಿ ಬಂದು ಮೆತ್ತಗಾಗಿದ್ದವು. ತಿನ್ನಲು ಮನಸ್ಸಾಗಲಿಲ್ಲ, ದನಕ್ಕೆ ಹಾಕಲೂ ಮನಸ್ಸಾಗಲಿಲ್ಲ. ನೆಲುವಿನ ಮೇಲೆ ಇಟ್ಟಿದ್ದೇನೆ.

ಈ ಸಲ ಲಾರಿಯಲ್ಲಿ ಉಪ್ಪು ಬಂತು. ಬರೀ ಉಪ್ಪು.

ಓಣಿಯ ಹೆಂಗಸರು ಈಗಲೂ ಹಿಂಬಾಗಿಲಿಗೆ ಬಂದು ಸೆರಗಿನಿಂದ ರೊಟ್ಟಿ ತೆಗೆದು ಕೊಡುತ್ತಾರೆ. ವಿಳಾಸ ಗೊತ್ತಿಲ್ಲ ಎಂದು ನಾನು ಅವರಿಗೆ ಹೇಳಿಲ್ಲ. ಹೇಳಿದರೆ ಬರುವುದನ್ನು ಬಿಡುತ್ತಾರೆ, ದಿನಕ್ಕೆ ಒಂದೆರಡು ಮಾತು ಆಡುವವರು ಅವರೇ. ಇದು ಸುಳ್ಳು ಹೇಳಿದಂತೆ ಆಗುತ್ತದೆಯೇ? ನೀವಿದ್ದರೆ ಕೇಳುತ್ತಿದ್ದೆ.

ಈ ಕಾಗದವನ್ನು ಯರ್ರಿಸ್ವಾಮಿಯ ಕೈಗೆ ಕೊಡುತ್ತೇನೆ. ಯಾರಿಗೆ ಕೊಡಬೇಕು ಎಂದು ಅವನಿಗೂ ಗೊತ್ತಿಲ್ಲ.

ಹಂಪಮ್ಮ

*

ಕೊಟ್ಟೂರು
18-1-1977

ಅವರ ಪಾದಗಳಿಗೆ ನಮಸ್ಕಾರ.

ಸಂಕ್ರಮಣದ ಮಾರನೇ ದಿನ ಗುರುಸಂಗಪ್ಪ ಮನೆಗೆ ಬಂದ. ಹಿಂಬಾಗಿಲಿಗೇ ಬಂದ, ಚಪ್ಪಲಿ ಹೊರಗೆ ಬಿಟ್ಟು. ಕೈಯಲ್ಲಿ ಪತ್ರಿಕೆ.

ಪತ್ರಿಕೆಯಲ್ಲಿ ಬಂದದ್ದನ್ನು ಇದ್ದಂತೆಯೇ ಬರೆಯುತ್ತೇನೆ. 'ಮದ್ರಾಸಿನ ಹೊರವಲಯದಲ್ಲಿ ರೈಲು ಹಳಿಯ ಬಳಿ ಗಂಡಸಿನ ಶವ ಸಿಕ್ಕಿದೆ. ತಲೆಮರೆಸಿಕೊಂಡಿದ್ದ ಕೊಟ್ಟೂರಿನ ಸಂಪಾದಕ' ಎಂದು ಬರೆದು ಮುಂದೆ ನಿಮ್ಮ ಹೆಸರಿದೆ. 'ಮುಖ ಗುರುತು ಹತ್ತುವಂತಿಲ್ಲ. ಎಡಗೈ ಹೆಬ್ಬೆರಳಿಗೆ ಉಗುರಿಲ್ಲದಿರುವುದರಿಂದ ಗುರುತಿಸಲಾಗಿದೆ. ಅಂತ್ಯಕ್ರಿಯೆಯನ್ನು ಅಲ್ಲಿಯೇ ನಡೆಸಲಾಯಿತು.' ಇಷ್ಟೇ. ಪಕ್ಕದಿಂದ ಬಂದ ದ್ಯಾಮಕ್ಕ ಜೋರಾಗಿ ಓದು ಎಂದಳು, ಓದಿದೆ. ನಿಮ್ಮ ಹೆಸರು ಬಂದಲ್ಲಿ ಬಿಟ್ಟು ಓದಿದೆ.

"ಅವ್ವಾ, ಇದು ನಾ ಬರದದ್ದಲ್ಲ. ಮ್ಯಾಲಿಂದ ಬಂದದ್ದು" ಎಂದ ಗುರುಸಂಗಪ್ಪ.

"ಮ್ಯಾಲಿಂದ ಅಂದ್ರ ಎಲ್ಲಿಂದ್ರಿ? ನೀವು ನೋಡೀರೇನು?"

"ಇಲ್ಲ."

"ನೋಡಿದಾರನ್ನ ಕೇಳೀರೇನು?"

"ನಮಗ ಕೇಳಾಕ ಬರಂಗಿಲ್ಲವ್ವ" ಎಂದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಪತ್ರಿಕೆಯನ್ನು ಕಟ್ಟೆಯ ಮೇಲಿಟ್ಟು, ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಹೋದ.

ಆಮೇಲೆ ಓಣಿಯ ಹೆಂಗಸರೆಲ್ಲ ಬಂದರು. ಈ ಸಲ ಮುಂಬಾಗಿಲ ಕಡೆಯಿಂದಲೇ, ಸೀಲಿನ ಮುಂದೆಯೇ ಕೂತು ಅತ್ತರು. ಹಿರಿಯ ಹೆಂಗಸೊಬ್ಬಳು ನನ್ನನ್ನು ನಡುವೆ ಕೂಡಿಸಿ, ತಲೆಗೆ ನೀರೆರೆದು ಬಳೆ ತೆಗೆಯಬೇಕು ಎಂದಳು. ದೇಹವೇ ಇಲ್ಲದಾಗ ತಡ ಮಾಡಬಾರದಂತೆ. ಒಬ್ಬಳು ಕೈ ಹಿಡಿದಳು. ಎಲ್ಲರೂ ನನಗೆ ರೊಟ್ಟಿ ಕೊಟ್ಟವರೇ, ನನ್ನ ಒಳ್ಳೆಯದಕ್ಕೇ ಮಾಡುತ್ತಿದ್ದರು. ನಾನೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ದ್ಯಾಮಕ್ಕನನ್ನು ಕರೆದು, "ನೀನು ತೆಗಿಯವ್ವ, ಕೈಗೆ ಗಾಜು ಹತ್ತದಂಗ ತೆಗೀತಿ" ಎಂದರು. ದ್ಯಾಮಕ್ಕ ಕಟ್ಟೆಯ ಕೆಳಗೇ ನಿಂತಳು.

"ನಾ ಬಳಿ ಇಡಾಕಿ. ಒಡಿಯಾಕಿ ಅಲ್ಲ" ಎಂದಳು.

ಅವಳ ಹಿಂದೆ ಗಾದೆಮ್ಮ ನಿಂತಿದ್ದಳು. ಮಾತು ಕೂಡ್ಲಿಗಿಯ ತನಕ ಹೋಗಿತ್ತಂತೆ, ಸಿಕ್ಕ ಬಸ್ಸು ಹತ್ತಿ ಬಂದಿದ್ದಳು. ಯಾರನ್ನೂ ಕೇಳದೆ ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಮಗ್ಗುಲಿಗೆ ಕೂತಳು. ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವಳ ಬಳೆ, ನನ್ನ ಬಳೆ ಒಂದಕ್ಕೊಂದು ತಾಗಿದವು.

"ಯಾರು ನೋಡ್ಯಾರ?" ಎಂದಳು.

ನನ್ನ ಇನ್ನೊಂದು ಕೈ ಹಿಡಿದಿದ್ದವಳು ಅದನ್ನು ಬಿಟ್ಟಳು.

"ನನ್ನ ಗಂಡ ಸತ್ತದ್ದು ನಾ ನೋಡೀನಿ. ಬಾಯಿಗೆ ನೀರು ಹಾಕೀನಿ. ಅದನ್ನ ಇಲ್ಲ ಅಂದಾರು ಇವ್ರ. ಈಗ ಈಕಿ ಗಂಡ ಸತ್ತ ಅಂತಾರ, ಅದನ್ನ ಹೌದು ಅಂತೀರೇನು? ಏಳ್ರವ್ವ ಏಳ್ರಿ, ಮನಿಗೆ ಹೋಗ್ರಿ."

ಹಿರಿಯ ಹೆಂಗಸು ನೀರಿನ ಕೊಡವನ್ನು ತಾನೇ ಎತ್ತಿ ಹಿತ್ತಲಿಗೆ ಒಯ್ದಳು.

ಗಾದೆಮ್ಮ ಎರಡು ದಿನ ಇದ್ದು ಇವತ್ತು ಬೆಳಿಗ್ಗೆ ಹೋದಳು. ಅವಳು ಹೋದ ಮೇಲೆ ಮನೆ ಎಷ್ಟು ದೊಡ್ಡದು ಎಂದು ಗೊತ್ತಾಯಿತು. ಈಗ ಕೂತು ಬರೆಯುತ್ತಿದ್ದೇನೆ.

ನೀವು ಹೇಳಿದಂತೆಯೇ ನೋಡುತ್ತಿದ್ದೇನೆ. ಬೇಗ ನಂಬಿಲ್ಲ, ಬೇಗ ಬಿಟ್ಟೂ ಇಲ್ಲ. ಕಣ್ಣಾರೆ ನೋಡಲು ಮದ್ರಾಸಿಗೆ ಹೋಗಲಾರೆ, ಹೋದರೂ ಅಲ್ಲಿ ನೋಡುವುದಕ್ಕೆ ಏನೂ ಉಳಿದಿಲ್ಲ. ಇಬ್ಬರನ್ನು ಕೇಳೋಣವೆಂದರೆ ಕೇಳಲು ಒಬ್ಬರೂ ಇಲ್ಲ. ಕೈಯಲ್ಲಿರುವುದು ಒಂದೇ ಸಂಗತಿ. ಹೆಬ್ಬೆರಳು.

ಮಷೀನಿನಲ್ಲಿ ಬೆರಳು ಸಿಕ್ಕಿ ಉಗುರು ಕಿತ್ತುಹೋದಾಗ ಅರಿಶಿನ ಹಚ್ಚಿ ಬಟ್ಟೆ ಸುತ್ತಿದವಳು ನಾನೇ. ವಾಸಿಯಾಗುವ ತನಕ ದಿನಾ ಬಿಚ್ಚಿ ಕಟ್ಟಿದ್ದೇನೆ. ಆದರೂ ಯಾವ ಕೈ ಎಂದು ನೆನಪಾಗುತ್ತಿಲ್ಲ. ಮೊದಲ ದಿನ ಪತ್ರಿಕೆ ಓದಿದಾಗ ಎಡಗೈ ಅಲ್ಲವೇ ಅಲ್ಲ, ಬಲಗೈ ಎಂದು ನೂರಕ್ಕೆ ನೂರು ಅನಿಸಿತ್ತು. ಅದಕ್ಕೇ ನನಗೆ ಅಳು ಬರಲಿಲ್ಲ. ಆಮೇಲೆ ಯೋಚಿಸಿದಂತೆಲ್ಲ ಜಾರುತ್ತಿದೆ. ನೀವು ಎದುರಿಗೆ ಊಟಕ್ಕೆ ಕೂತಂತೆ ನೆನೆದರೆ ಆ ಬೆರಳು ನನ್ನ ಎಡಕ್ಕೆ ಕಾಣುತ್ತದೆ. ಎದುರಿಗೆ ಕೂತವರದು ನನ್ನ ಎಡಕ್ಕಿದ್ದರೆ ಅವರಿಗೆ ಬಲ ಅಲ್ಲವೇ? ಆದರೆ ಮಷೀನಿನ ಹತ್ತಿರ ನಿಮ್ಮ ಹಿಂದೆ ನಿಂತಂತೆ ನೆನೆದರೂ ಎಡಕ್ಕೇ ಕಾಣುತ್ತದೆ. ಹಿಂದೆ ನಿಂತಾಗ ಎಡ ಎಂದರೆ ಎಡವೇ. ತಿರುಗಿದ ಮೊಳೆಯಲ್ಲಿ ಅಕ್ಷರ ಕಲಿತವಳಿಗೆ ಈ ಲೆಕ್ಕ ಹತ್ತುವುದಿಲ್ಲ. ನನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿದೆ. ಗೋಡೆಗೆ ನಿಮ್ಮ ಅಂಗಿ ನೇತು ಹಾಕಿ ತೋಳುಗಳನ್ನು ಹಿಡಿದು ನೋಡಿದೆ. ದ್ಯಾಮಕ್ಕನನ್ನು ಕೇಳಿದೆ. "ನಾ ಗಂಡಸರ ಕೈ ಯಾಕ ನೋಡ್ಲವ್ವ" ಎಂದಳು.

ಸ್ಟೆನ್ಸಿಲ್ ಕೊರೆಯುವಾಗ ಉಗುರಿಲ್ಲದ ಹೆಬ್ಬೆರಳು ಜುಮ್ಮೆನ್ನುತ್ತದೆ ಎಂದು ಒಮ್ಮೆ ಬರೆದಿದ್ದಿರಿ. ಕೊರೆಯುವುದು ಬಲಗೈಯಲ್ಲಿ, ಹಾಗಾದರೆ ಬಲವೇ. ಈ ಧೈರ್ಯದ ಮೇಲೆ ನಿನ್ನೆ ಊಟ ಮಾಡಿದೆ. ಆಮೇಲೆ, ಹಾಳೆ ಸರಿಯದಂತೆ ಒತ್ತಿ ಹಿಡಿಯುವುದು ಎಡಗೈಯ ಹೆಬ್ಬೆರಳಿನಿಂದ, ಅದೂ ಜುಮ್ಮೆನ್ನಬಹುದು ಎಂದು ಹೊಳೆಯಿತು. ನೀವು ಬರೆದದ್ದು ಅಷ್ಟೇನೋ, ಮುಂದೆ ಯಾವ ಕೈ ಎಂದೂ ಬರೆದಿದ್ದಿರೋ, ಆ ಕಾಗದವನ್ನು ನೀವು ಹೇಳಿದಂತೆ ಒಲೆಗೆ ಹಾಕಿದ್ದೇನೆ.

ಯರ್ರಿಸ್ವಾಮಿ ಈಗ ಹೊರಡುತ್ತಾನೆ. ಹೊಸ ರೊಟ್ಟಿ ಕಟ್ಟಿದ್ದೇನೆ. "ಕೊಡಾಕ ಯಾರೂ ಸಿಗದಿದ್ರ?" ಎಂದು ಕೇಳಿದೆ. "ಸಿಗೋತನಕ ಲಾರ್‍ಯಾಗ ಇರತೈತಿ ಬಿಡಕ್ಕಾ" ಎಂದ. ಬಳೆ ಕೈಯಲ್ಲೇ ಇವೆ. ಎರಡೂ ಚಪ್ಪಲಿ ಇವೆಯೇ ಎಂದು ಕೇಳಿದಾಗ ನೋಡಿಯೇ ಬರೆದಿದ್ದಿರಿ. ಇದನ್ನೂ ಹಾಗೇ, ನೆನಪಿನಿಂದ ಬರೆಯಬೇಡಿ. ಬೆಳಕಿಗೆ ಎರಡೂ ಕೈ ಹಿಡಿದು, ಉಗುರಿಲ್ಲದ್ದು ಯಾವ ಕೈಯದು ಎಂದು ಇನ್ನೊಮ್ಮೆ ನೋಡಿ ಬರೆಯಿರಿ.

ಹಂಪಮ್ಮ